ಬ್ಯಾಡಗಿಯ ತೂಕದ ಚೀಟಿ, ಕಂಪೈಲರ್‌ನ ಅನುಮಾನ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಎರಡು ತಕ್ಕಡಿ ಒಟ್ಟಿಗೇ ತೂಗುತ್ತಿವೆ ಎಂದುಕೊಳ್ಳಿ. ಒಂದರಲ್ಲಿ ಡಬ್ಬಿ ಕಾಯಿ, ಇನ್ನೊಂದರಲ್ಲಿ ಕಡ್ಡಿ ಕಾಯಿ. ಚೀಟಿಗಳು ಬಂದಬಂದಂತೆ ಒಂದೇ ಬುಟ್ಟಿಗೆ ಬೀಳುತ್ತವೆ. ಮೊದಲ ಚೀಟಿ 43 ಕಿಲೊದ್ದೋ 45ರದ್ದೋ, ಹಮಾಲರ ಕೈಚುರುಕಿಗೆ ಬಿಟ್ಟದ್ದು. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮಾಂತರ ವಿಸ್ತರಣೆಯಾದ, ಅಂದರೆ ಹಲವು ಲೆಕ್ಕಗಳನ್ನು ಒಟ್ಟಿಗೇ ಓಡಿಸುವ, ಈಡನ್ ಭಾಷೆಯಲ್ಲಿ ‘ಮರ್ಜ್’ ಮಾಡುವುದೂ ಇದನ್ನೇ.

ಇದರಿಂದ ಆಗುವ ತೊಂದರೆ ಮೊದಲು ನೋಡಿ. ಮೊದಲ ಚೀಟಿಗೆ ‘ಮೊ’ ಎಂದು ಹೆಸರಿಡಿ. ಮೊ − ಮೊ ಸೊನ್ನೆಯೇ. ಆದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಜಾಣತನ ತೋರಿಸಿ, ಹೆಸರಿದ್ದ ಎರಡೂ ಕಡೆ ಅದರ ವ್ಯಾಖ್ಯೆಯನ್ನೇ ಇಟ್ಟರೆ ಮರ್ಜ್ ಎರಡು ಸಲ ಓಡುತ್ತದೆ; 45 − 43, ಉತ್ತರ 2! ಹೀಗಾಗಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಮುಂಚೆಯೇ ಹೇಳುವ ವಿಶ್ಲೇಷಣೆ ಬೇಕು.

ಅದಕ್ಕೆ ಎರಡೇ ಹಣೆಪಟ್ಟಿ: ‘ಖಚಿತ’, ‘ಅನುಮಾನ’. ಅಂಕಿ ಖಚಿತ, ಮರ್ಜ್ ಅನುಮಾನ. ಕೂಡಿಸುವಾಗ ಒಂದು ಬದಿ ಅನುಮಾನವಾದರೂ ಮೊತ್ತ ಅನುಮಾನ.

ಈಗ ಈ ವಿಶ್ಲೇಷಣೆ ಸರಿ ಎಂಬುದರ ಸಾಧನೆ, ಅಂದರೆ ಗಣಿತದ ಪುರಾವೆ. ಪ್ರೋಗ್ರಾಮಿನ ಪ್ರತಿ ಪದಾವಳಿಯ (ಬೆಲೆ ಕೊಡುವ ಲೆಕ್ಕದ ತುಣುಕಿನ) ಅರ್ಥವನ್ನು ಒಂದು ಬೆಲೆ ಎನ್ನದೆ, ಬರಬಹುದಾದ ಎಲ್ಲ ಬೆಲೆಗಳ ಗಣ ಎಂದು ಬರೆದುಕೊಳ್ಳಿ. ಸಾಧಿಸಬೇಕಾದ್ದು ಇಷ್ಟೇ: ಹಣೆಪಟ್ಟಿ ‘ಖಚಿತ’ ಇದ್ದರೆ ಗಣದಲ್ಲಿ ಒಂದೇ ಬೆಲೆ. ತಿರುಗುಮುರುಗು, ಅಂದರೆ ಒಂದೇ ಬೆಲೆಯಿದ್ದರೆ ಹಣೆಪಟ್ಟಿ ‘ಖಚಿತ’ವೇ ಆಗಿರಬೇಕು ಎಂಬುದು, ಬೇಕಿಲ್ಲ. ಎಲ್ಲ ಚೀಟಿಗಳ ಮೊತ್ತ ಯಾವ ಕ್ರಮದಲ್ಲಿ ಕೂಡಿದರೂ ಅಷ್ಟೇ. ಆದರೂ ನಮ್ಮ ವಿಶ್ಲೇಷಣೆ ‘ಅನುಮಾನ’ ಎನ್ನುತ್ತದೆ. ಎನ್ನಲಿ ಬಿಡಿ, ತಪ್ಪಲ್ಲ.

ಚಿಕ್ಕ ಪದಾವಳಿಯಿಂದ ದೊಡ್ಡದಕ್ಕೆ ಅನುಗಮನದಿಂದ ಏರುತ್ತ ಹೋದರೆ ಬಹುಪಾಲು ಸಲೀಸು. ತನ್ನನ್ನೇ ಕರೆಯುವ ಫಂಕ್ಷನ್ ಬಂದಾಗ ಮಾತ್ರ ಕೈ ತಡೆಯುತ್ತದೆ. ಅಲ್ಲಿ ‘ಖಚಿತ’ ಎಂದೇ ಶುರು ಮಾಡಿ, ಹಣೆಪಟ್ಟಿ ಬದಲಾಗದೆ ನಿಲ್ಲುವವರೆಗೆ ಲೆಕ್ಕ ತಿರುಗಿಸಬೇಕು. ಏನೂ ಗೊತ್ತಿಲ್ಲದೆ ‘ಖಚಿತ’ ಎನ್ನುವುದು ಧೈರ್ಯವಲ್ಲವೇ? ಅಲ್ಲ. ಆರಂಭದಲ್ಲಿ ಆ ಫಂಕ್ಷನ್ ಎಂದರೆ ಎಂದೂ ಮುಗಿಯದ ಲೆಕ್ಕ, ಮತ್ತು ‘ಮುಗಿಯದು’ ಎಂಬುದೂ ಒಂದೇ ಫಲಿತಾಂಶ. ಪ್ರತಿ ಸುತ್ತಿನಲ್ಲಿ ಮಾತು ಉಳಿಯುತ್ತದೆ ಎಂದು ತೋರಿಸಿದರೆ ಸಾಲದು, ಸುತ್ತುಗಳು ಕೊನೆಯಿಲ್ಲದೆ ಸಾಗಿದಾಗ ತಲುಪುವ ಮಿತಿಯಲ್ಲೂ ಉಳಿಯುತ್ತದೆ ಎಂದು ತೋರಿಸಬೇಕು. ಹೊಸಬರು ಜಾರುವುದು ಇಲ್ಲೇ.

ಕೊನೆಗೆ ಬೇಕಂತಲೇ ಒಂದು ಕೆಟ್ಟ ನಿಯಮ ಹಾಕಿ ನೋಡಿ. ‘ಇದ್ದರೆ–ಇಲ್ಲದಿದ್ದರೆ’ಯಲ್ಲಿ ಎರಡು ಕವಲುಗಳ ಹಣೆಪಟ್ಟಿಯನ್ನಷ್ಟೇ ನೋಡಿ, ಷರತ್ತನ್ನು ಬಿಟ್ಟುಬಿಡಿ. ‘ಮೊ 44ಕ್ಕಿಂತ ಹೆಚ್ಚಿದ್ದರೆ 1, ಇಲ್ಲದಿದ್ದರೆ 0’: ಕವಲು ಎರಡೂ ಖಚಿತ, ಗಣದಲ್ಲಿ ಮಾತ್ರ ಎರಡು ಬೆಲೆ. ನಿಮ್ಮ ಸಾಧನೆ ಆ ಸಾಲಿಗೆ ಬಂದು ಸಿಕ್ಕಿಹಾಕಿಕೊಳ್ಳದಿದ್ದರೆ ಮೊದಲಿನಿಂದ ಓದಿ.