ರಾತ್ರಿ ಹತ್ತೂವರೆಯ ಆಟ: ಶೆಲ್ಟರ್ ಮರಿ ನಮ್ಮನೆಗೆ ಒಗ್ಗಿದ್ದು ಹೀಗೆ

ನಮ್ಮ ಬೆಕ್ಕಿನ ಮರಿ ಗುಂಡ ಬಂದು ಹೆಚ್ಚುಕಮ್ಮಿ ಒಂದು ವರ್ಷ ಆಯಿತು. ಈಗ ರಾತ್ರಿ 11ಕ್ಕೆ ಮಲಗಿದರೆ ಬೆಳಗ್ಗೆ 6ರವರೆಗೆ ಅಲ್ಲಾಡುವುದಿಲ್ಲ. "ಬೆಕ್ಕಿಗೂ ಟೈಮ್ ಟೇಬಲ್ ಹಾಕ್ತಾಳಂತೆ" ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶೆಲ್ಟರ್‌ನಲ್ಲಿ ಹದಿನೈದಿಪ್ಪತ್ತು ಮರಿಗಳಿದ್ದವು. ಮೂಲೆಯಲ್ಲಿ ಮುದುರಿ ಕೂತವನ್ನೆಲ್ಲ ಬಿಟ್ಟು, ನನ್ನ ಚಪ್ಪಲಿ ಬಾರಿಗೆ ಜೋತುಬಿದ್ದ ಬೂದು ಪಟ್ಟೆಯವನನ್ನೇ ಆರಿಸಿದೆ. ಎರಡೂವರೆ ತಿಂಗಳು, ತೂಕ ಸುಮಾರು 1 ಕೆಜಿ. "ಇಂಥ ತುಂಟನಿಗೆ ಜೋಡಿ ಬೇಕು ಮೇಡಂ, ಎರಡು ತಗೊಳ್ಳಿ" ಅಂದರು. ಮನೆಯಲ್ಲಿ 7 ವರ್ಷದ ಬೆಕ್ಕು ಪುಟ್ಟಿ ಇದ್ದಾಳಲ್ಲ, ಸಾಕು ಅಂದೆ. ಅವರ ಮಾತೇ ಸರಿ. ಮರಿಗೆ ಬೇಕಾದ ಕುಸ್ತಿ ಪುಟ್ಟಿಯ ಕೈಲಾಗುವುದಲ್ಲ.

ಮೊದಲ ತಪ್ಪು, ಎರಡು ವಾರ ಬೇರೆ ಕೋಣೆಯಲ್ಲಿ ಇಡಬೇಕಾದವನನ್ನು ನಾಲ್ಕೇ ದಿನಕ್ಕೆ ಹೊರಗೆ ಬಿಟ್ಟಿದ್ದು. ಚೆನ್ನಾಗಿ ತಿಂತಾನೆ, ಸುಮ್ನೆ ಯಾಕೆ ಕೂಡಿಹಾಕೋದು ಅಂತ. ಹತ್ತನೇ ದಿನ ಇಬ್ಬರಿಗೂ ಸೀನು, ಕಣ್ಣಲ್ಲಿ ನೀರು. ಪುಟ್ಟಿಯ ಬೂಸ್ಟರ್ ಲಸಿಕೆ ಬೇರೆ ಬಾಕಿ ಇತ್ತು. ಡಾಕ್ಟರ್, ಔಷಧಿ, ಆಟೋ ಎಲ್ಲ ಸೇರಿ 3,000 ದಾಟಿತು. ಅದೇ, ಬೆಕ್ಕುಗಳ ಮಾರಕ ವೈರಸ್ ರೋಗವಾದ ಪ್ಯಾನ್‌ಲ್ಯೂಕೋಪೀನಿಯಾ ಆಗಿದ್ದರೆ ಮರಿ ಉಳಿಯುವುದೇ ಕಷ್ಟವಿತ್ತು.

ಎರಡನೇ ತಪ್ಪು, ಬರಿಗೈಯಲ್ಲಿ ಆಡಿಸಿದ್ದು. ಪುಟಾಣಿ ಹಲ್ಲು, ಕಚ್ಚಿದರೆ ಕಚಗುಳಿ ಅಷ್ಟೇ ಅಲ್ವಾ ಅಂದುಕೊಂಡೆ. ತಿಂಗಳೊಳಗೆ ಮನೆಯವರೆಲ್ಲರ ಕೈಕಾಲು ಗೀರು. ಬೆಳಗಿನ ಜಾವ 3ಕ್ಕೆ ಹೊದಿಕೆಯೊಳಗೆ ಕಾಲ್ಬೆರಳು ಅಲುಗಿದರೆ ಸಾಕು, ಹಾರಿ ಬೀಳುತ್ತಿದ್ದ. "ಬೆಕ್ಕಿಗೆ ಚೆಲ್ಲಾಟ ಅಂತಾರಲ್ಲ, ಇಲ್ಲಿ ಇಲಿ ನಾನೇ ಕಣಮ್ಮ. ವಾಪಸ್ ಬಿಟ್ಟು ಬಾ" ಅಂದರು ಅತ್ತೆ.

ಆಟದ ಸಾಮಾನಿಗೆ ಏನಿಲ್ಲವೆಂದರೂ 1,500 ಸುರಿದೆ. ಬ್ಯಾಟರಿ ಇಲಿ ಎರಡು ದಿನ ಬಾಳಿತು. ಲೇಸರ್ ಇನ್ನೂ ಕಷ್ಟ. ಹಿಡಿಯಲು ಏನೂ ಸಿಗದೆ, ದೀಪ ಆರಿಸಿದ ಮೇಲೂ ಗೋಡೆಯನ್ನೇ ನೋಡುತ್ತಾ ಕೂರುತ್ತಿದ್ದ.

ಕೊನೆಗೆ ಕೈಹಿಡಿದದ್ದು ತೆಂಗಿನ ಪೊರಕೆ. ನಾಲ್ಕು ಕಡ್ಡಿ ಸೇರಿಸಿ ಬಿಗಿದು, ತುದಿಗೆ ಹಳೇ ಬ್ಲೌಸಿನ ಬೆನ್ನಿನ ದಾರ ಕಟ್ಟಿದೆ, ಗೊಂಡೆ ಸಮೇತ. ಖರ್ಚು ಸೊನ್ನೆ. ಗೊಂಡೆಯನ್ನು ಅವನ ಮುಖಕ್ಕೆ ಹಿಡಿಯಬಾರದು, ಅದು ಅವನಿಂದ ದೂರ ಓಡಬೇಕು. ದಿಂಬಿನ ಹಿಂದೆ ಹೋಗಿ ಎರಡೆಳೆ ಮಾತ್ರ ಕಾಣುವ ಹಾಗೆ ನಿಲ್ಲಿಸಿದರೆ, ಗುಂಡ ನೆಲಕ್ಕೆ ಅಂಟಿಕೊಂಡು, ಕಣ್ಣೆಲ್ಲ ಕಪ್ಪು ಮಾಡಿಕೊಂಡು, ಹಿಂಭಾಗ ಎಡಕ್ಕೆ ಬಲಕ್ಕೆ ಕುಣಿಸಿ ನೆಗೆಯುತ್ತಾನೆ. ದಿನಾ ಹತ್ತೂವರೆಗೆ, 15 ನಿಮಿಷ, ಅವನೇ ಪಕ್ಕಕ್ಕೆ ಹೊರಳಿ ಮಲಗುವವರೆಗೆ. ಕೊನೇ ಬೇಟೆ ಅವನಿಗೇ ಸಿಗಬೇಕು. ಸಿಕ್ಕ ತಕ್ಷಣ ಊಟ. ತಿಂದು, ಮೈ ನೆಕ್ಕಿ, ನಿದ್ದೆ. ದಾರ ಮಾತ್ರ ಕೂಡಲೇ ಬೀರುವಿನೊಳಗೆ, ನುಂಗಿದರೆ ಕರುಳಿಗೆ ಆಪರೇಷನ್ನೇ. ಗೊಂಡೆಗೆ ಒಂದು ವಸ್ತು ಸವರುತ್ತೇನೆ, ಅದನ್ನು ಹೇಳಲ್ಲ. ಅಡುಗೆಮನೆಯದ್ದೇ.

ಫಲ ಕಾಣಲು ಮೂರು ವಾರ ಹಿಡಿಯಿತು. 3 ಗಂಟೆಗೆ ಎದ್ದು ಕಿರುಚಿದರೆ ಯಾರೂ ಏಳಬಾರದು ಅಂತ ಕಟ್ಟಪ್ಪಣೆ ಮಾಡಿದ್ದೆ. ಒಂಬತ್ತನೇ ರಾತ್ರಿ ಅತ್ತೆ ಪಾಪ ಅಂತ ಎದ್ದು ಹಾಲು ಹಾಕಿದರು. ಹೊಟ್ಟೆ ಕೆಟ್ಟಿತು, ಲೆಕ್ಕ ಮತ್ತೆ ಒಂದರಿಂದ ಶುರು. ಸಂತಾನಹರಣ ಆಪರೇಷನ್ ಮಾಡಿಸಿದ್ದಕ್ಕೆ ತಣ್ಣಗಾದ ಅಂತ ವಾದಿಸುವವರೂ ಇದ್ದಾರೆ. ನಿದ್ದೆ ಸರಿಹೋದಾಗ ಅವನಿಗೆ 5 ತಿಂಗಳು. ಆಪರೇಷನ್ ಆಗಿದ್ದು ಆರು ತುಂಬಿದ ಮೇಲೆ.

ನಡುವೆ ಲಿಟರ್ (ಬೆಕ್ಕಿನ ಶೌಚದ ತಟ್ಟೆಗೆ ಹಾಕುವ ಪುಡಿ) ಖರ್ಚು ಉಳಿಸಲು ಹೋಗಿ ಸಾಮಿಲ್‌ನಿಂದ ಮರದ ಹೊಟ್ಟು ತಂದೆ, ಚೀಲಕ್ಕೆ 60 ರೂಪಾಯಿ. ವಾಸನೆಗೆ ಪರವಾಗಿಲ್ಲ. ಆದರೆ ಅವನ ಕಾಲಿಗಂಟಿಕೊಂಡು ಹಾಸಿಗೆ, ಸೋಫಾ, ಒಮ್ಮೆ ದೇವರ ಮನೆಯ ಕುಂಕುಮದ ಬಟ್ಟಲಿಗೂ ಹೋಯಿತು. ಮತ್ತೆ ಜೇಡಿಮಣ್ಣಿನ ಲಿಟರ್ ಬೆಂಟೊನೈಟ್‌ಗೇ ಬಂದೆ, ಇಬ್ಬರಿಗೂ ಸೇರಿ ತಿಂಗಳಿಗೆ 800 ಚಿಲ್ಲರೆ. ಬಾಲ್ಕನಿ ನೆಟ್‌ಗೆ 4,500 ಆಯಿತು. ನಾವಿರುವುದು ಮೂರನೇ ಮಹಡಿ, ಅಲ್ಲಿ ಚೌಕಾಸಿ ಮಾಡಲಿಲ್ಲ.

ಪುಟ್ಟಿ ಇಷ್ಟು ದಿನ ಫ್ರಿಜ್ ಮೇಲೆ ಕೂತು ನೋಡುತ್ತಿದ್ದಳು. ಮೊನ್ನೆ ಹತ್ತೂವರೆಗೆ ಇಳಿದು ಬಂದು, ಗೊಂಡೆಗೆ ಒಂದೇ ಏಟು ಹೊಡೆದು ಮತ್ತೆ ಹತ್ತಿದಳು. ಅವಳಿಗೂ ಒಂದು ಕಡ್ಡಿ ಕಟ್ಟಬೇಕು.