ಕೊರಾಲೆಸ್–ಕ್ಯಾಸ್ಟಿಯೊ ಫೈಟ್ ನೋಡೋದು ಹೇಗೆ: ನೇರವಾಗಿ 10ನೇ ರೌಂಡಿಗೆ ಹಾರ್ಬೇಡಿ

ಬಾಕ್ಸಿಂಗ್ ಅಂದ್ರೆ ಹೆವಿವೇಟ್ ಮಾತ್ರ ಅಂದ್ಕೊಂಡಿರೋರು ಒಂದ್ಸಲ ಡಿಯೇಗೊ ಕೊರಾಲೆಸ್ – ಹೊಸೆ ಲೂಯಿಸ್ ಕ್ಯಾಸ್ಟಿಯೊ ಫೈಟ್ ನೋಡ್ಲೇಬೇಕು. 2005ರ ಮೇ 7, ಲಾಸ್ ವೇಗಸ್‌ನ ಮ್ಯಾಂಡಲೇ ಬೇ. ಲೈಟ್‌ವೇಟ್ ಅಂದ್ರೆ 135 ಪೌಂಡ್, ಕೆಜಿ ಲೆಕ್ಕದಲ್ಲಿ 61 ಚಿಲ್ಲರೆ. ಕ್ಯಾಸ್ಟಿಯೊ ಹತ್ರ ಡಬ್ಲ್ಯುಬಿಸಿ ಬೆಲ್ಟ್, ಕೊರಾಲೆಸ್ ಹತ್ರ ಡಬ್ಲ್ಯುಬಿಒ ಬೆಲ್ಟ್ (ಬೇರೆ ಬೇರೆ ಬಾಕ್ಸಿಂಗ್ ಸಂಸ್ಥೆಗಳ ವಿಶ್ವ ಚಾಂಪಿಯನ್ ಪಟ್ಟಗಳು), ಎರಡೂ ಪಣಕ್ಕೆ.

ತುಂಬಾ ಜನ ನೋಡಿರೋದು 10ನೇ ರೌಂಡಲ್ಲಿ ಎರಡು ಸಲ ಬಿದ್ದ ಕೊರಾಲೆಸ್ ಎದ್ದು ಗೆಲ್ಲೋ ಕ್ಲಿಪ್ ಅಷ್ಟೇ. ಅದನ್ನೊಂದೇ ನೋಡಿದ್ರೆ ಕೊರಾಲೆಸ್‌ಗೆ ಲಕ್ ಹೊಡೀತು ಅನ್ಸುತ್ತೆ, ಆದ್ರೆ ಅದು ಲಕ್ ಅಲ್ಲ, ಅದಕ್ಕೂ ಮುಂಚಿನ ಒಂಬತ್ತು ರೌಂಡಲ್ಲಿ ಇಬ್ರೂ ಒಬ್ರಿಗೊಬ್ರು ಏನು ಮಾಡಿದ್ರು ಅನ್ನೋದರ ಫಲ. ಹಾಗಾಗಿ ಮೊದಲ ಬೆಲ್‌ನಿಂದ ಶುರು ಮಾಡಿ. ರೌಂಡಿಗೆ 3 ನಿಮಿಷ, ಮಧ್ಯೆ 1 ನಿಮಿಷ ರೆಸ್ಟ್, ಎಲ್ಲಾ ಸೇರಿ 40 ನಿಮಿಷವೂ ಆಗಲ್ಲ.

ಶುರು ಮಾಡೋಕೆ ಮುಂಚೆ ಇಷ್ಟು ತಿಳ್ಕೊಂಡಿರಿ. ಕೊರಾಲೆಸ್ ಈ ತೂಕಕ್ಕೆ ತುಂಬಾ ಉದ್ದ, ಹತ್ತತ್ರ ಆರಡಿ, ಕೈನೂ ಉದ್ದ. 2001ರಲ್ಲಿ ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಇವನನ್ನ ಐದು ಸಲ ಕೆಳಗೆ ಬೀಳಿಸಿದ್ದ, ಆಮೇಲೆ ಇವನ ಕಾರ್ನರ್‌ನೋರೇ (ಟ್ರೈನರ್ ಕಡೆಯೋರು) ಫೈಟ್ ನಿಲ್ಲಿಸಿದ್ರು, ಅವನಿಗೆ ನಿಲ್ಲಿಸಿದ್ದಕ್ಕೇ ಕೋಪ. ಅಂದ್ರೆ ಬೀಳ್ತಾನೆ, ಆದ್ರೆ ಎದ್ದೇ ಏಳ್ತಾನೆ, ಇದನ್ನ ನೆನಪಲ್ಲಿ ಇಟ್ಕೊಳ್ಳಿ. ಕ್ಯಾಸ್ಟಿಯೊ ಮೆಕ್ಸಿಕೊದ ಸೊನೋರಾ ಕಡೆಯೋನು, ಅಲ್ಲಿನ ಮಹಾನ್ ಬಾಕ್ಸರ್ ಹೂಲಿಯೊ ಸೆಸಾರ್ ಚಾವೆಸ್‌ಗೆ ಸ್ಪಾರಿಂಗ್ (ಅಭ್ಯಾಸದ ಫೈಟ್) ಪಾರ್ಟ್ನರ್ ಆಗಿದ್ದೋನು, ಎದುರಾಳಿಗೆ ಅಂಟ್ಕೊಂಡು ಪಕ್ಕೆಗೆ ಹೊಡೆಯೋದ್ರಲ್ಲಿ ಅವನ ಕಾಲದ ದೊಡ್ಡ ಕಸುಬುದಾರ.

ಈಗ ಒಂದು ಪೇಪರ್ ಪೆನ್ ತಗೊಳ್ಳಿ, ಸೌಂಡ್ ಮ್ಯೂಟ್ ಮಾಡಿ. ಮ್ಯೂಟ್ ಯಾಕಂದ್ರೆ ಕಾಮೆಂಟ್ರಿ ಕೇಳ್ತಾ ಇದ್ರೆ ನಮ್ಮ ಕಣ್ಣು ಅವರು ಹೇಳಿದ ಕಡೆಗೇ ಹೋಗುತ್ತೆ. ಪ್ರತಿ ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9, ಒಂದ್ಸಲ ಬಿದ್ರೆ ಸಾಮಾನ್ಯವಾಗಿ 10-8, ಎರಡು ಸಲ ಬಿದ್ರೆ 10-7. ರೆಸ್ಟ್ ಸಿಗೋ ಆ ಒಂದು ನಿಮಿಷದಲ್ಲೇ ನಂಬರ್ ಬರೆದುಬಿಡಿ, ಆಮೇಲೆ ತಿದ್ದಬೇಡಿ. ಯಾರು ಜಾಸ್ತಿ ಕೈ ಬೀಸಿದ್ರು ಅಂತಲ್ಲ, ಯಾರ ಏಟು ಗ್ಲೌಸಿಗೆ ತಾಗದೆ ನೇರ ಮೈಗೆ ಬಿತ್ತು ಅಂತ ನೋಡಿ. ಇದು ಕಷ್ಟದ ಸ್ಕೋರ್‌ಕಾರ್ಡ್, ಅವತ್ತು ಒಂಬತ್ತು ರೌಂಡ್ ಮುಗಿದಾಗ ಜಡ್ಜ್‌ಗಳಲ್ಲೇ ಒಮ್ಮತ ಇರ್ಲಿಲ್ಲ, ಇಬ್ರು ಕೊರಾಲೆಸ್ ಕಡೆ, ಒಬ್ರು ಕ್ಯಾಸ್ಟಿಯೊ ಕಡೆ.

ಮೊದಲ ಮೂರು ರೌಂಡಲ್ಲಿ ಮುಖ ನೋಡ್ಬೇಡಿ, ತಲೆ ಎಲ್ಲಿಟ್ಟಿದ್ದಾರೆ, ಪಾದ ಎಲ್ಲಿದೆ ಅಂತ ನೋಡಿ. ಅಷ್ಟು ಉದ್ದ ಇರೋ ಕೊರಾಲೆಸ್ ದೂರ ನಿಂತು ಜ್ಯಾಬ್ (ಮುಂದಿನ ಕೈಯಿಂದ ನೇರ ಚುರುಕು ಏಟು) ಹೊಡ್ಕೊಂಡು ಪಾಯಿಂಟ್ ಕೂಡಿಸ್ಬಹುದಿತ್ತು, ಆದ್ರೆ ಅವನೇ ಒಳಗೆ ನುಗ್ತಾನೆ, ಇಬ್ರೂ ಟಗರುಗಳ ಥರ ಹಣೆಗೆ ಹಣೆ ಕೊಟ್ಟು ನಿಂತ್ಬಿಡ್ತಾರೆ, ರಿಂಗ್ ಅಷ್ಟು ದೊಡ್ಡದಿದ್ರೂ ಇವರಿಗೆ ಬೇಕಾಗಿರೋದು ನಾಲ್ಕಡಿ ಜಾಗ ಅಷ್ಟೇ. ಇಲ್ಲಿ ಒಂದೆರಡು ಸಲ ವಿಡಿಯೋ ನಿಲ್ಲಿಸಿ ನೋಡಿ. ಕ್ಯಾಸ್ಟಿಯೊ ತಲೇನ ಕೊರಾಲೆಸ್‌ನ ಗದ್ದದ ಕೆಳಗೆ ತೂರಿಸಿ ಭುಜದಲ್ಲಿ ಸ್ವಲ್ಪ ತಳ್ತಾನೆ, ತಳ್ಳಿದಾಗ ಸಿಗೋ ಗ್ಯಾಪಲ್ಲಿ ಎಡಗೈ ಹುಕ್, ಅಂದ್ರೆ ಪಕ್ಕದಿಂದ ಬಳಸಿ ಬರೋ ಏಟು. ಕೊರಾಲೆಸ್‌ಗೆ ಉದ್ದ ಕೈ ಮಡಚೋಕೆ ಜಾಗ ಬೇಕು, ಅದಕ್ಕೆ ಅರ್ಧ ಹೆಜ್ಜೆ ಸರಿದು ಮೈ ತಿರುಗಿಸಿ ಕೆಳಗಿಂದ ಅಪ್ಪರ್‌ಕಟ್ ತರ್ತಾನೆ. ಈ ಅರ್ಧ ಹೆಜ್ಜೆ ಒಂದ್ಸಲ ಕಣ್ಣಿಗೆ ಬಿತ್ತು ಅಂದ್ರೆ ಮುಂದಿನ ಫೈಟ್ ಪೂರ್ತಿ ಬೇರೆ ಥರ ಕಾಣುತ್ತೆ.

ಮಧ್ಯದ ರೌಂಡ್‌ಗಳಲ್ಲಿ ಕ್ಲಿಂಚ್ ಎಷ್ಟು ಕಮ್ಮಿ ಅಂತ ಗಮನಿಸಿ. ಸುಸ್ತಾದಾಗ ಎದುರಾಳೀನ ತಬ್ಕೊಂಡು ಉಸಿರು ತಗೊಳ್ಳೋದು ಎಲ್ಲಾ ಬಾಕ್ಸರ್‌ಗಳೂ ಮಾಡ್ತಾರೆ, ಇವರಿಬ್ರೂ ಅದನ್ನ ಮಾಡೋದೇ ಇಲ್ಲ ಅನ್ನೋಷ್ಟು ಕಮ್ಮಿ, ರೆಫರಿ ಟೋನಿ ವೀಕ್ಸ್‌ಗೆ ಬಿಡಿಸೋ ಕೆಲಸವೇ ಇಲ್ಲ. 7ನೇ ರೌಂಡ್ ಕೊನೇಲಿ ಕೊರಾಲೆಸ್‌ನ ಎಡಗೈ ಏಟಿಗೆ ಕ್ಯಾಸ್ಟಿಯೊ ತೂರಾಡ್ತಾನೆ, ಅದನ್ನ ಪೇಪರ್ ಮೇಲೆ ಗುರುತು ಹಾಕ್ಕೊಳ್ಳಿ. ಕ್ಯಾಸ್ಟಿಯೊಗೂ ನೋವಾಗುತ್ತೆ ಅಂತ ಅಲ್ಲೇ ಗೊತ್ತಾಗೋದು. ಅಷ್ಟೊತ್ತಿಗೆ ಕೊರಾಲೆಸ್‌ನ ಎರಡೂ ಕಣ್ಣು ಊದ್ಕೊಂಡು ಮುಚ್ಚೋಕೆ ಬಂದಿರುತ್ತೆ.

10ನೇ ರೌಂಡ್‌ನ ಎರಡು ಸಲ ನೋಡಿ. ಮೊದಲ ಸಲ ನಿಲ್ಲಿಸದೆ. ಶುರುವಾಗಿ ಅರ್ಧ ನಿಮಿಷದೊಳಗೆ ಕ್ಯಾಸ್ಟಿಯೊನ ಎಡಗೈ ಹುಕ್, ಕೊರಾಲೆಸ್ ಕೆಳಗೆ. ಎದ್ದ. ಸ್ವಲ್ಪ ಹೊತ್ತಲ್ಲೇ ಮತ್ತೆ ಕೆಳಗೆ. ಮತ್ತೆ ಎದ್ದ.

ಎರಡನೇ ಸಲ ನೋಡೋವಾಗ ಸ್ಟಾಪ್‌ವಾಚ್ ಇಟ್ಕೊಳ್ಳಿ, ಸೌಂಡ್ ಆನ್ ಮಾಡಿ. ಬಿದ್ದಾಗೆಲ್ಲಾ ಕೊರಾಲೆಸ್‌ನ ಮೌತ್‌ಪೀಸ್ (ಹಲ್ಲು ಕಾಪಾಡೋಕೆ ಬಾಯಲ್ಲಿಡೋ ಗಾರ್ಡ್) ಹೊರಗೆ ಬಂದಿದೆ, ಅದನ್ನ ತೊಳೆದು ಹಾಕೋಕೆ ಟೈಮ್ ಕೊಡ್ಬೇಕು, ಆ ಟೈಮ್ ಎಷ್ಟು ಅಂತ ನೀವೇ ಅಳೆಯಿರಿ. ಎರಡನೇ ಸಲ ಅವನೇ ಹೊರಗೆ ಹಾಕಿದ ಅಂತ ವೀಕ್ಸ್ ಒಂದು ಪಾಯಿಂಟ್ ಕಿತ್ಕೊಂಡ್ರು. ಕಾರ್ನರಲ್ಲಿ ಟ್ರೈನರ್ ಜೋ ಗೂಸನ್ ಮೌತ್‌ಪೀಸ್ ಹಾಕ್ತಾ ಒಳಗೆ ನುಗ್ಗು ಅಂತ ಬೈದು ಹೇಳ್ತಾನೆ. ಈಗ ನಿಮ್ಮ ಪೇಪರ್ ನೋಡಿ: ಎರಡು ನಾಕ್‌ಡೌನ್, ಮೇಲೆ ಒಂದು ಪಾಯಿಂಟ್ ಕಟ್, ರೌಂಡ್ 10-6 ಕಡೆ ಹೋಗ್ತಿದೆ, ಅಂದ್ರೆ ಕೊರಾಲೆಸ್‌ಗೆ ನಾಕೌಟ್ ಬಿಟ್ರೆ ಬೇರೆ ದಾರಿ ಕಾಣ್ತಿಲ್ಲ.

ಇಲ್ಲಿಂದ ಸ್ಲೋ ಮಾಡಿ, ಕೊರಾಲೆಸ್‌ನ ಬಿಟ್ಟು ಕ್ಯಾಸ್ಟಿಯೊನ ನೋಡಿ. ಮುಗಿಸಿಬಿಡೋ ಆತುರಕ್ಕೆ ನುಗ್ತಾನೆ, ಒಂಬತ್ತು ರೌಂಡ್ ಕಾಪಾಡ್ಕೊಂಡಿದ್ದ ಗದ್ದ ಈಗ ಬಯಲಿಗೆ ಬರುತ್ತೆ, ಕೊರಾಲೆಸ್‌ನ ಬಲಗೈ ಅಲ್ಲಿಗೇ ಬೀಳುತ್ತೆ, ಹಿಂದೇನೇ ಎಡಗೈ ಹುಕ್, ಕ್ಯಾಸ್ಟಿಯೊ ಹಗ್ಗಕ್ಕೆ ಒರಗ್ತಾನೆ, ಕೈ ಕೆಳಗಿಳಿಯುತ್ತೆ, ವೀಕ್ಸ್ ಮಧ್ಯೆ ಬರ್ತಾರೆ. ರೌಂಡಿನ 2 ನಿಮಿಷ 6 ಸೆಕೆಂಡ್.

ಮೌತ್‌ಪೀಸ್ ಗಲಾಟೆ ಇವತ್ತಿಗೂ ಮುಗಿದಿಲ್ಲ. ಆ ಸೆಕೆಂಡ್‌ಗಳು ಕೊರಾಲೆಸ್‌ಗೆ ಉಪಯೋಗ ಆಗಿದ್ದು ನಿಜ, ಪಾಯಿಂಟ್ ಕಿತ್ಕೊಂಡಿದ್ದೂ ಸರಿ. ಆದ್ರೆ ಕ್ಯಾಸ್ಟಿಯೊನ ಸೋಲಿಸಿದ್ದು ಗಡಿಯಾರ ಅಲ್ಲ, ಬಲಗೈ. ಸ್ಟಾಪ್‌ವಾಚ್ ನೋಡಿ ನಿಮಗೆ ಬೇರೆ ಅನ್ಸಿದ್ರೆ ಅದಕ್ಕೂ ಆಧಾರ ಇದೆ.

ಅದೇ ವರ್ಷ ಅಕ್ಟೋಬರ್ 8ರ ರೀಮ್ಯಾಚ್ ನೋಡೋವಾಗ ಹಿಂದಿನ ದಿನದ ತೂಕದ ವಿಷ್ಯ ಗೊತ್ತಿರ್ಬೇಕು. ಕ್ಯಾಸ್ಟಿಯೊ 135ಕ್ಕೆ ಇಳೀಲೇ ಇಲ್ಲ, ಹಾಗಾಗಿ ಟೈಟಲ್ ಪಣಕ್ಕಿರ್ಲಿಲ್ಲ, 4ನೇ ರೌಂಡಲ್ಲಿ ಅವನು ಕೊರಾಲೆಸ್‌ನ ನಾಕೌಟ್ ಮಾಡಿದ. ಕೆಳಗಿನ ತೂಕಗಳಲ್ಲಿ ಮೂರು ಚಿಲ್ಲರೆ ಪೌಂಡ್ ವ್ಯತ್ಯಾಸ ತುಂಬಾ ದೊಡ್ಡದು, ಆ ಗೆಲುವನ್ನ ಮೊದಲನೇದರ ಸಮಕ್ಕೆ ಇಡೋಕೆ ನನ್ನ ಮನಸ್ಸು ಒಪ್ಪಲ್ಲ. 2006ರಲ್ಲಿ ಮೂರನೇ ಫೈಟಿಗೂ ಕ್ಯಾಸ್ಟಿಯೊ ತೂಕ ತಪ್ಪಿ ಅದು ನಡೀಲೇ ಇಲ್ಲ. 2007ರ ಮೇ 7ಕ್ಕೆ ಕೊರಾಲೆಸ್ ಬೈಕ್ ಆಕ್ಸಿಡೆಂಟಲ್ಲಿ ತೀರ್ಕೊಂಡ, ಇನ್ನೂ 29 ವರ್ಷ.

ಸ್ಕೋರ್ ಮಾಡೋದು ಕೈಗೆ ಹತ್ತಿದ್ಮೇಲೆ 2002ರ ಏಪ್ರಿಲ್‌ನ ಮೇವೆದರ್–ಕ್ಯಾಸ್ಟಿಯೊ ಹಾಕ್ಕೊಳ್ಳಿ. ಜಡ್ಜ್‌ಗಳು ಮೂವರೂ ಮೇವೆದರ್‌ಗೆ ಕೊಟ್ರು, ಕ್ಯಾಸ್ಟಿಯೊ ಗೆದ್ದ ಅನ್ನೋರು ಇವತ್ತಿಗೂ ತುಂಬಾ ಜನ ಇದ್ದಾರೆ. 12 ರೌಂಡೂ ಮ್ಯೂಟಲ್ಲೇ ನೋಡಿ.