ಆಂಬುಲೆನ್ಸ್ ಹತ್ತಿದವರ ಸರ, ಪರ್ಸು, ಮೊಬೈಲು ಯಾರ ಕೈಲಿರುತ್ತೆ?

ದಾವಣಗೆರೆಗೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಬಂದು ಬಾಡಿಗೆ ಮನೆ, ಶಾಲೆ, ಗ್ಯಾಸ್ ಬಗ್ಗೆ ಕೇಳುತ್ತಾರೆ. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ ಇರುವ ಊರು ನಮ್ಮದು, ಅಪಘಾತ ಯಾರಿಗೂ ಆಗಬಹುದು, ಅದಕ್ಕೇ ತಿಳಿದಿರಲಿ.

108ಕ್ಕೆ ಫೋನ್ ಮಾಡಿದರೆ ಬರುವ ಗಾಡಿಯಲ್ಲಿ ಡ್ರೈವರ್ ಜೊತೆ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು ಇರುತ್ತಾರೆ. ಎಚ್ಚರ ತಪ್ಪಿದವರ ಜೇಬು ನೋಡಿ ಹೆಸರು, ಮನೆಯವರ ನಂಬರ್ ಹುಡುಕುತ್ತಾರೆ. ಗಾಯ ಕಾಣದಿದ್ದರೆ ಬಟ್ಟೆ ಕತ್ತರಿಸುತ್ತಾರೆ. ಬೆರಳು ಊದಿದ್ದರೆ ಉಂಗುರ ತೆಗೆಯುತ್ತಾರೆ. ಮೈಸೂರು ಸಿಲ್ಕ್ ಸೀರೆಯಾದರೂ ಅಷ್ಟೇ, ಆಗ ಜಗಳಕ್ಕೆ ನಿಲ್ಲಬೇಡಿ. ಆದರೆ ಅವರ ಅಧಿಕಾರ ಅಲ್ಲಿಗೆ ಮುಗಿಯಿತು. ಸುಮ್ನೆ ಬ್ಯಾಗ್ ಜಾಲಾಡುವಂತಿಲ್ಲ, ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಮನೆಯವರಿದ್ದರೆ ಅವರಿಗೆ, ಇಲ್ಲದಿದ್ದರೆ ಆಸ್ಪತ್ರೆಗೆ ಒಪ್ಪಿಸಬೇಕು.

ನಮ್ಮತ್ತೆ ಸ್ಕೂಟರಿಂದ ಬಿದ್ದಾಗ ಇದೆಲ್ಲ ಕಲಿತೆ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್ ಒಬ್ಬರು ಸ್ಟೀಲ್ ಟ್ರೇ ಮುಂದಿಟ್ಟರು. ತಾಳಿ, ಎರಡು ಬಳೆ, ಮೊಬೈಲು, ಒದ್ದೆಯಾದ ನೂರರ ನೋಟು ಮೂರು. ಪುಸ್ತಕದಲ್ಲಿ ‘ಹಳದಿ ಲೋಹದ ಸರ 1’ ಅಂತ ಬರೆದರು. ನನಗೆ ಸಿಟ್ಟು ಬಂತು, ಬಂಗಾರ ಅಂತಲೇ ಬರೀರಿ ಎಂದೆ. ‘ಒರೆ ಹಚ್ಚಿ ನೋಡೋಕೆ ನಾವೇನು ಅಕ್ಕಸಾಲಿಗರಾ?’ ಎಂದರು. ಸರಿಯಾದ ಮಾತೇ. ಪೊಲೀಸರೂ ಹಾಗೇ ಬರೆಯುತ್ತಾರೆ, ಗಾಬರಿಯಾಗಬೇಡಿ. ಆ ವಾದದಲ್ಲಿ ಎಣಿಸುವುದನ್ನೇ ಮರೆತು ಸಹಿ ಹಾಕಿದೆ. ಮನೆಗೆ ಬಂದು ನೋಡಿದರೆ ಓಲೆ ಒಂದೇ ಕಿವಿಯಲ್ಲಿತ್ತು. ರಸ್ತೆಯಲ್ಲಿ ಬಿತ್ತೋ, ರಕ್ತ ಒರೆಸಿದ ಹತ್ತಿಯ ಜೊತೆ ಹೋಯ್ತೋ, ಯಾರನ್ನು ಕೇಳುವುದು? ಅದಕ್ಕೇ ಹೇಳುವುದು, ಮೊದಲು ಎಣಿಸಿ, ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಸಹಿ. ಮೊಬೈಲಿಗೆ ಲಾಕ್ ಹಾಕಿದ್ದರೂ ಕಾಣುವ ಹಾಗೆ ಎಮರ್ಜೆನ್ಸಿ ನಂಬರ್ ಹಾಕಿಡಿ, ಜೇಬು ತಡಕುವ ಕೆಲಸವೇ ಕಡಿಮೆಯಾಗುತ್ತದೆ.

ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 106ನೇ ಕಲಂ ಅದನ್ನು ಕೊಡುತ್ತದೆ. ಕಳವಿನ ಮಾಲು ಅಂತ ಅನುಮಾನ ಬಂದ, ಇಲ್ಲವೇ ಅಪರಾಧದ ಅನುಮಾನ ಹುಟ್ಟಿಸುವ ವಸ್ತುವನ್ನು ಮಾತ್ರ ತೆಗೆದುಕೊಳ್ಳಬಹುದು, ಮ್ಯಾಜಿಸ್ಟ್ರೇಟರಿಗೆ ವರದಿಯನ್ನೂ ಕೊಡಬೇಕು. ವಾಪಸ್ ಬೇಕಿದ್ದರೆ ನೀವು ಕೋರ್ಟಿಗೆ ಅರ್ಜಿ ಹಾಕಬೇಕು.

ಅಪಘಾತವೆಂದರೆ ಆಸ್ಪತ್ರೆಯವರು ಎಂಎಲ್‌ಸಿ ಮಾಡುತ್ತಾರೆ, ಅಂದರೆ ಪೊಲೀಸರಿಗೆ ತಿಳಿಸುತ್ತಾರೆ. ರಕ್ತವಾದ ಬಟ್ಟೆಯನ್ನು ನಿಮ್ಮ ಕೈಗೇ ಕೊಟ್ಟರೂ ಹಾಗೇ ಕಟ್ಟಿಡಿ. ಮರುದಿನ ಪೊಲೀಸರು ಬಂದು ಕೇಳಿದಾಗ ಅತ್ತೆಯ ಸೀರೆ ನಮ್ಮ ಬಚ್ಚಲಲ್ಲಿ, ಸೋಪಿನ ನೀರಿನ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.